ತಿಂದು ಮುಗಿದ ಸರಕಿನ ಸರತಿ

"ಇದರಲ್ಲಿ ಇನ್ನೆಷ್ಟು ಚಮಚ ಇರಬಹುದು?"

ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು, ಕೈಯಲ್ಲೊಂದು ತಗಡಿನ ಡಬ್ಬಿ. ಡಬ್ಬಿಯನ್ನು ಓರೆ ಮಾಡಿದರೆ ಬಿಳಿಯ ಪುಡಿ ಒಂದು ಮಗ್ಗುಲಿಗೆ ಸರಿದು ಗುಡ್ಡೆಯಾಗಿ, ಪರವಾಗಿಲ್ಲ, ಇನ್ನೂ ಇದೆ ಎನ್ನುವಂತೆ ಕಾಣುತ್ತಿತ್ತು. ನೆಟ್ಟಗೆ ಹಿಡಿದರೆ ತಳ ಕಾಣುವುದೊಂದು ಬಾಕಿ. ನಾಲ್ಕು ದಿನಕ್ಕೆ ಬಂದೀತು. ಬಿಗಿ ಹಿಡಿದರೆ ಐದು. ಆರನೆಯ ದಿನದ ಹೆಸರೆತ್ತಲು ಮನಸ್ಸು ಒಪ್ಪಲಿಲ್ಲ.

ಪುಡಿ ಅವಳ ಅಪ್ಪನದು. ಅಪ್ಪ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು. ಆನೆಯಷ್ಟು ಭಾರವನ್ನು ಹೂವಿನಂತೆ ಎತ್ತಿ ಹೂವಿನಂತೆ ಇಳಿಸಿದವರು. ಹೋದ ವರ್ಷ ಲಕ್ವ ಹೊಡೆದು ಮಲಗಿದ ಮೇಲೆ ಕೈ ತಿರುಗಿ ಬಂತು, ಕಾಲು ಅರ್ಧ ಬಂತು, ಮಾತು ತೊದಲಿಕೊಂಡಾದರೂ ಬಂತು. ನುಂಗುವುದು ಮಾತ್ರ ಬರಲಿಲ್ಲ. ನೀರು ನೀರಾಗಿಯೇ ಗಂಟಲಿಗಿಳಿದರೆ ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯುತ್ತಿತ್ತು. ಒಮ್ಮೆ ಹಾಗಾಗಿ ಎದೆಯಲ್ಲಿ ಕೀವು ಕಟ್ಟಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಇದ್ದು ಬಂದಿದ್ದರು. "ಇನ್ನೊಂದು ಸಲ ಹೀಗಾದ್ರೆ ನಾನು ಯಾವ ಮಾತೂ ಕೊಡಲಾರೆ" ಅಂದಿದ್ದರು ಡಾಕ್ಟರಮ್ಮ. ಅಂದಿನಿಂದ ಅಪ್ಪನ ಬಾಯಿಗೆ ಹೋಗುವ ನೀರು, ಹಾಲು, ಟೀ, ಎಲ್ಲವನ್ನೂ ಈ ಪುಡಿ ಬೆರೆಸಿ ಜೇನಿನ ಹದಕ್ಕೆ ತಂದು ಕೊಡಬೇಕು. ಪುಡಿ ಇಲ್ಲಿ ತಯಾರಾಗುವುದಿಲ್ಲ, ಹಡಗಿನಲ್ಲೇ ಬರಬೇಕು. ಅಂಗಡಿಯ ಬೇರೆ ಹಿಟ್ಟು ಹಾಕಿ ನೋಡಿದ್ದಾಯಿತು; ಬಟ್ಟಲಲ್ಲಿ ಗಟ್ಟಿಯಾಗಿದ್ದದ್ದು ಬಾಯೊಳಗೆ ಎಂಜಲು ತಾಕಿದ ಕೂಡಲೇ ನೀರಾಗಿ, ಅಪ್ಪ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಮತ್ತೆ ನೆನೆಯುವುದಿಲ್ಲ.

"ಬೆಳಗಾಗೆದ್ದು ಡಬ್ಬಿ ಮುಖ ನೋಡಿದ್ರೆ ಡಬ್ಬಿ ತುಂಬುತ್ತೇನೇ?" ಅಮ್ಮ ಬಾಗಿಲಿಗೆ ಬಂದು ನಿಂತಳು. "ನಿಮ್ಮಪ್ಪನ ಮುಖ ನೋಡು ಬಾ. ಟೀ ಬೇಡವಂತೆ."

"ಯಾಕಂತೆ?"

"ಬಾಯಾರಿಕೆ ಇಲ್ಲವಂತೆ. ಮೂವತ್ತು ವರ್ಷ ದಿನಕ್ಕೆ ಹತ್ತು ಟೀ ಕುಡಿದ ಬಾಯಿ, ಇವತ್ತು ತಪಸ್ಸಿಗೆ ಕೂತಿದೆ."

ಅಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ತುಟಿ ಒಣಗಿ ಬಿರಿದಿತ್ತು. ಬಾಯಾರಿಕೆ ಇಲ್ಲದೆ ಅಲ್ಲ, ಡಬ್ಬಿಯಲ್ಲಿ ಎಷ್ಟಿದೆ ಎಂದು ಅವರಿಗೂ ಗೊತ್ತಿದ್ದರಿಂದ. ಅವಳು ಬಟ್ಟಲು ಹಿಡಿದು ಎದುರು ಕೂತಳು.

"ಗೋ... ಗೋಂದು" ಅಂದರು ಅಪ್ಪ, ಒಂದು ಕಡೆಯ ತುಟಿಯಲ್ಲೇ ನಗುತ್ತ. "ಗೋಡೆಗೆ ಪೋಸ್ಟರ್ ಅಂಟಿಸು ಹೋಗು."

"ಅಂಟಿಸ್ತೀನಿ. ಮೊದಲು ಇದನ್ನ ಮುಗಿಸಿ."

"ಬ... ಬಂತಾ?"

"ಬಂದಿದೆ ಅಪ್ಪ. ಬಂದರಿನಲ್ಲೇ ಇದೆ. ತಪಾಸಣೆ ಒಂದು ಆಗಬೇಕು."

ಬಂದರಿಗೆ ಬಂದದ್ದು ಮನೆಗೆ ಬರಲು ಎಷ್ಟು ದಿನ ಎಂದು ಅಪ್ಪ ಕೇಳಲಿಲ್ಲ. ಅವರು ಕೇಳದಿದ್ದದ್ದೇ ಅವಳ ಎದೆಗೆ ಚುಚ್ಚಿತು. ತಪಾಸಣೆಯ ದಿನ ಹಿಡಿಯುವುದೇ ಅವಳ ಉದ್ಯೋಗ. ಅದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ.

ಹಡಗಿನಲ್ಲಿ ಬರುವ ತಿನ್ನುವ ಪದಾರ್ಥ ಯಾವುದೇ ಇರಲಿ, ತಪಾಸಣೆಯ ಅಧಿಕಾರಿ ಕಂಟೇನರ್ ತೆರೆಸಿ, ನೋಡಿ, ಸಹಿ ಹಾಕಿದ ಮೇಲೆಯೇ ಬಂದರಿನ ಗೇಟು ದಾಟಬೇಕು. ಔಷಧಿಗೆ ಬೇರೆ ಬಾಗಿಲಿದೆ, ಬೇಗ ತೆರೆಯುವ ಬಾಗಿಲು. ಅಪ್ಪನ ಪುಡಿ ಕಾನೂನಿನ ಕಣ್ಣಿಗೆ ಔಷಧಿಯಲ್ಲ, ಆಹಾರ. ಹಾಗಾಗಿ ಬಿಸ್ಕತ್ತು, ಚಾಕಲೇಟು, ಉಪ್ಪಿನಲ್ಲಿಟ್ಟ ಮೀನು ಇವುಗಳ ಜೊತೆಗೇ ಸರತಿ. ಮೊದಲು ಐದು ಜನ ಅಧಿಕಾರಿಗಳಿದ್ದರು, ಈಗ ಇಬ್ಬರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಂಪ್ಯೂಟರಿನಲ್ಲಿ ಹೊಸ ಸ್ಲಾಟುಗಳು ತೆರೆಯುತ್ತವೆ, ಎಂಟೂ ನಾಲ್ಕಕ್ಕೆ ಒಂದೂ ಇರುವುದಿಲ್ಲ. ಆ ನಾಲ್ಕು ನಿಮಿಷದಲ್ಲಿ ಎರಡು ಮೂರನ್ನಾದರೂ ಕಿತ್ತು ತರುವ ಬೆರಳು ಅವಳದು. ಬಂದರಿನ ಬೀದಿಯಲ್ಲೆಲ್ಲ ಅವಳಿಗೆ 'ಗಡಿಯಾರದಕ್ಕ' ಎಂದೇ ಹೆಸರು. ಆಫೀಸು ಚಿಕ್ಕಪ್ಪನದು, ಅಪ್ಪನ ಒಡಹುಟ್ಟಿದ ತಮ್ಮನದು. ಬೇರೆಯವರ ಸರಕನ್ನು ಬಂದರಿನಿಂದ ಬಿಡಿಸಿಕೊಡುವ ಪುಟ್ಟ ಏಜೆನ್ಸಿ: ಎರಡು ಮೇಜು, ಎರಡು ಕಂಪ್ಯೂಟರು, ಕಾಗದದ ರಾಶಿ.

ಆ ಬೀದಿಯಲ್ಲೊಂದು ರೂಢಿ ಇತ್ತು. ಅದಕ್ಕೆ ಅವರು 'ಟವೆಲ್ ಹಾಕೋದು' ಅನ್ನುತ್ತಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ, ಇನ್ನೂ ಬಾರದ ಸರಕಿಗೆ ಮೊದಲೇ ಸ್ಲಾಟು ಹಿಡಿದಿಡುವುದು. ಆದರೆ ಸ್ಲಾಟು ಹಿಡಿಯಲು ಒಂದು ಕಂಟೇನರ್ ನಂಬರು ಬೇಕು. ಬಾರದ ಸರಕಿಗೆ ನಂಬರು ಎಲ್ಲಿಂದ? ಹೋದ ವರ್ಷವೋ ಅದರ ಹಿಂದಿನ ವರ್ಷವೋ ಬಂದು, ಬಿಡುಗಡೆಯಾಗಿ, ಜನ ತಿಂದು ಮುಗಿಸಿದ ಸರಕಿನ ನಂಬರು ಹಾಕುತ್ತಿದ್ದರು. ಅವಳ ಡ್ರಾಯರಿನಲ್ಲಿ ಅಂಥ ನಲವತ್ತು ನಂಬರುಗಳ ಒಂದು ನೋಟ್‌ಬುಕ್ಕೇ ಇತ್ತು. ಯಾವುದಕ್ಕೂ ಅನುಮಾನ ಬಾರದಿರಲೆಂದು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಳಸುತ್ತಿದ್ದಳು. ನಿಜವಾದ ಸರಕು ಬಂದ ದಿನ ಒಂದು ಕಂಪ್ಯೂಟರಿನಲ್ಲಿ ಹಳೆಯದನ್ನು ರದ್ದು ಮಾಡಿ, ಮರುಕ್ಷಣ ಇನ್ನೊಂದರಲ್ಲಿ ಹೊಸ ನಂಬರು ಕೂರಿಸಬೇಕು. ಸರಕು ಬಾರದೇ ಹೋದರೆ ಟವೆಲ್ ಅಲ್ಲೇ ಬಿದ್ದಿರುತ್ತದೆ. ಅಧಿಕಾರಿ ಕಟ್ಟೆಗೆ ಬಂದು, ಹದಿನೈದು ನಿಮಿಷ ಕಾದು, 'ಸರಕು ಹಾಜರಿಲ್ಲ' ಎಂದು ಬರೆದು ಹೋಗುತ್ತಾರೆ.

ಇದು ಯಾರಿಗೂ ತಪ್ಪೆನಿಸಿರಲಿಲ್ಲ. ಊರೆಲ್ಲ ಹಾಕುವಾಗ ನಾವೊಬ್ಬರು ಸುಮ್ಮನಿದ್ದರೆ ನಮ್ಮ ಗಿರಾಕಿ ನಿಂತೇ ಹೋಗಬೇಕಲ್ಲ. ಸರತಿ ಉದ್ದವಾದಷ್ಟೂ ಟವೆಲ್ಲು ಜಾಸ್ತಿ, ಟವೆಲ್ಲು ಜಾಸ್ತಿಯಾದಷ್ಟೂ ಸರತಿ ಉದ್ದ. ಎಲ್ಲರೂ ಸೇರಿ ಇಲಾಖೆಯನ್ನು ಬೈಯುತ್ತಿದ್ದರು. ಅವಳೂ ಬೈದಿದ್ದಳು, ಈ ಮೂರು ವಾರವಂತೂ ಮನಸಾರೆ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಪುಡಿ ತರಿಸುವ ವ್ಯಾಪಾರಿ ಒಂದು ಕಾಗದ ಹಿಡಿದುಕೊಂಡು ಆಫೀಸಿಗೆ ಬಂದ. ಎಲ್ಲರಿಗೂ ಅವನು ಡಬ್ಬಿ ಅಣ್ಣ. ಹೋದ ವರ್ಷ ಅವನ ಸರಕನ್ನು ಬಿಡಿಸಿಕೊಟ್ಟಿದ್ದು ಇದೇ ಆಫೀಸು. ಈ ವರ್ಷ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತೇನೆಂದು ಹೋಗಿದ್ದ.

"ಅಕ್ಕ, ನಿಮ್ಮ ಮುಂದೆ ಬರೋಕೆ ಮುಖ ಇಲ್ಲ. ಆದ್ರೂ ಬಂದೆ" ಅಂದ. "ದಿನಕ್ಕೆ ಐವತ್ತು ಮನೆಯವರು ಫೋನ್ ಮಾಡ್ತಾರೆ. ನಿನ್ನೆ ಒಬ್ಬಮ್ಮ ಅತ್ತೇಬಿಟ್ರು. ಸರಕು ಯಾರ್ಡಿನಲ್ಲಿ ಸುಖವಾಗಿ ಕೂತಿದೆ, ನನಗೆ ದಿನಾಂಕವೇ ಕೊಡ್ತಿಲ್ಲ. ಹದಿನೆಂಟು ದಿನದಿಂದ ಇದೊಂದೇ ಮಂತ್ರ."

ಅವಳು ಕಾಗದ ನೋಡಿದಳು. *ಈ ಆಮದುದಾರರ ಇದೇ ಪದಾರ್ಥಕ್ಕೆ ಈಗಾಗಲೇ ಒಂದು ಬುಕಿಂಗ್ ಬಾಕಿ ಇದೆ. ಅದು ಮುಗಿಯುವವರೆಗೆ ಇನ್ನೊಂದನ್ನು ನೀಡಲಾಗದು.*

"ಇದೆ ಅಂತಿದೆಯಲ್ಲ, ಅಣ್ಣ."

"ನಾನೂ ಹಾಗೇ ಅಂದ್ಕೊಂಡೆ. ನಂದೇ ಅರ್ಜಿ ಎಲ್ಲೋ ಒಳಗೆ ನಡೀತಿರಬೇಕು, ಬರುತ್ತೆ ಅಂತ ಕಾದೆ. ಆಮೇಲೆ ಯಾಕೋ ಅನುಮಾನ ಬಂತು. ಯಾವ ದಿನ, ಎಷ್ಟೊತ್ತಿಗೆ, ಒಂದೂ ನನಗೆ ತೋರಿಸಲ್ಲ. ಬುಕ್ ಮಾಡಿದವರಿಗೆ ಮಾತ್ರ ಕಾಣುತ್ತಂತೆ."

ಬುಕ್ ಮಾಡಿದವರಿಗೆ ಮಾತ್ರ. ತನ್ನ ಪಟ್ಟಿಯನ್ನು ತೆರೆದಳು. ನಾಳೆ, ಹನ್ನೊಂದೂವರೆ, ಎರಡನೇ ಕಟ್ಟೆ. ಬಿಸ್ಕತ್ತು ಕಂಪನಿಗೆಂದು ಮೂರು ವಾರದ ಹಿಂದೆ ಹಾಕಿಟ್ಟಿದ್ದ ಟವೆಲ್. ಅದಕ್ಕೆ ಕೂರಿಸಿದ್ದ ನಂಬರನ್ನು ನೋಡಿ, ಡ್ರಾಯರ್ ಎಳೆದು ನೋಟ್‌ಬುಕ್ ತೆಗೆದಳು. ಇಪ್ಪತ್ತಮೂರನೇ ಸಾಲು, ಅವಳದೇ ದುಂಡನೆಯ ಅಕ್ಷರ. ಹೋದ ವರ್ಷದ ಪುಡಿಯ ಕಂಟೇನರು; ನಂಬರಿನ ಹಿಂದೆಯೇ ಡಬ್ಬಿ ಅಣ್ಣನ ಹೆಸರೂ ಬುಕಿಂಗಿಗೆ ಅಂಟಿಕೊಂಡಿತ್ತು. ಅದರೊಳಗಿನ ಪುಡಿಯ ಎಷ್ಟೋ ಡಬ್ಬಿಗಳನ್ನು ಅವಳ ಮನೆಯವರೇ ಬೆರೆಸಿ ಮುಗಿಸಿದ್ದರು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದಳು.

"ದೇವರೇ" ಅಂದಳು ಮೆಲ್ಲಗೆ.

"ಏನಕ್ಕ? ಯಾರದು ಆ ಬುಕಿಂಗು?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಇಳಿಯಲಿಲ್ಲ. "ನಂದು. ನಾನೇ ಹಾಕಿದ್ದು. ನಿಮ್ಮ ಹಳೇ ನಂಬರಿನ ಮೇಲೆ."

ಡಬ್ಬಿ ಅಣ್ಣ ತನ್ನ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಬೈಯುತ್ತಾನೆ ಎಂದುಕೊಂಡಳು, ಬೈದಿದ್ದರೆ ಹಗುರವಾಗುತ್ತಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಕೇಳಿದ್ದೆ" ಅಂದ. "ನೀವು ಸತ್ತುಹೋದ ನಮ್ಮ ತಾತನಿಗೆ ಹೊಲಿಸಿದ್ದೀರಲ್ಲಕ್ಕ. ಹೋಗ್ಲಿ, ತೆಗೆದುಬಿಡಿ. ಈಗಲೇ ತೆಗೀರಿ."

"ಆಗಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗಿನದು ಬೀಗ ಬಿದ್ದಿರುತ್ತೆ." ಅವಳು ಗೋಡೆಯ ಗಡಿಯಾರ ನೋಡಿದಳು. ಎರಡೂ ಹತ್ತು. ಬೆಳಿಗ್ಗೆ ಹನ್ನೊಂದೂವರೆಗೆ ಮುಂಚೆ ಇವನು ಬಂದಿದ್ದರೆ! "ಅಷ್ಟೇ ಅಲ್ಲ ಅಣ್ಣ. ನಾಳೆ ಆ ಹೊತ್ತಿಗೆ ಸರಕು ಹಾಜರಾಗದಿದ್ರೆ ನಿಮ್ಮ ಹೆಸರಿಗೆ ಗುರುತು ಬೀಳುತ್ತೆ. ಮೂವತ್ತು ದಿನ ಬುಕಿಂಗೇ ಇಲ್ಲ."

"ಮೂವತ್ತು ದಿನ?" ಅವನು ಕುರ್ಚಿ ಹುಡುಕಿಕೊಂಡು ಕೂತ. "ಐವತ್ತು ಮನೇಗೆ ನಾನು ಏನು ಹೇಳ್ಲಿ?"

ಐವತ್ತರಲ್ಲಿ ಒಂದು ತನ್ನ ಮನೆ ಎಂದು ಅವಳು ಹೇಳಲಿಲ್ಲ. ಅವನಿಗೆ ಅದು ಗೊತ್ತಿತ್ತು.

"ನಾಳೆ ಹನ್ನೊಂದಕ್ಕೆ ನಿಮ್ಮ ಹೊಸ ಕಂಟೇನರನ್ನ ಎರಡನೇ ಕಟ್ಟೆಗೆ ತರಿಸಿ" ಅಂದಳು. "ಬಾಡಿಗೆ ಲಾರಿ ಯಾವುದಾದ್ರೂ ಸರಿ. ಅಲ್ಲಿ ನಿಲ್ಲಿಸಿರಿ. ಕೇಳೋದು ನಾನು ಕೇಳ್ತೀನಿ."

"ನಂಬರು ಬೇರೆ ಅಲ್ವಾ? ತಗೋತಾರಾ?"

"ಗೊತ್ತಿಲ್ಲ."

ಚಿಕ್ಕಪ್ಪ ಅವತ್ತು ಬಿಸ್ಕತ್ತು ಕಂಪನಿಯವರ ಮೀಟಿಂಗಿಗೆ ಹೋಗಿದ್ದರು. ನಾಲ್ಕು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಐದನೆಯ ಸಲ ಮಾಡಲು ಕೈ ಬರಲಿಲ್ಲ; ಎತ್ತಿಬಿಟ್ಟರೆ ಎಂಬ ಹೆದರಿಕೆ ಆಗಲೇ ಒಳಗೆ ಹುಟ್ಟಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಎರಡು ಗುಟುಕು ಕುಡಿದು ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. ಅವಳು ಒತ್ತಾಯ ಮಾಡಲಿಲ್ಲ. ಚೀಲದಲ್ಲಿ ಆಫೀಸಿನ ಮುದ್ರೆ, ಇಂಕಿನ ಪ್ಯಾಡು ಹಾಕಿಕೊಂಡು ನೇರವಾಗಿ ಬಂದರಿಗೆ ಹೋದಳು.

ಕಟ್ಟೆ ಎಂದರೆ ಆಳೆತ್ತರದ ಕಾಂಕ್ರೀಟಿನ ಜಗಲಿ, ಮೇಲೆ ತಗಡಿನ ಚಪ್ಪರ. ಲಾರಿಗಳು ಹಿಮ್ಮುಖವಾಗಿ ಬಂದು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತವೆ. ಹನ್ನೊಂದು ಹೊಡೆಯಿತು, ಹನ್ನೊಂದೂ ಹತ್ತಾಯಿತು, ಲಾರಿ ಇಲ್ಲ. ಯಾರ್ಡಿನ ಗೇಟಿನಲ್ಲಿ ಚೀಟಿ ಸಿಕ್ಕಿಲ್ಲವೆಂದು ಡಬ್ಬಿ ಅಣ್ಣನ ಫೋನು. ಹನ್ನೊಂದೂ ಇಪ್ಪತ್ತು. ಚೀಟಿ ಸಿಕ್ಕಿತು, ಮುಂದೆ ಮೂರು ಲಾರಿ ಅಡ್ಡ. ಅವಳು ಕಟ್ಟೆಯ ತುದಿಯಲ್ಲಿ ನಿಂತು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಸಾಲುಸಾಲಾಗಿ ಹೇಳಿಕೊಂಡಳು. ಎಲ್ಲೋ ನಡುವೆ ಒಂದು ಹೆಸರು ತಪ್ಪಿದಂತಾಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹನ್ನೊಂದೂ ಇಪ್ಪತ್ತೆಂಟಕ್ಕೆ ಕೆಂಪು ಕಂಟೇನರು ಮೂಲೆ ತಿರುಗಿತು. ಅದು ಕಟ್ಟೆಗೆ ಬೆನ್ನು ತಾಗಿಸುವುದಕ್ಕೂ ಅಧಿಕಾರಿ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ಈ ಅಧಿಕಾರಿಗೆ ಬೀದಿಯವರು ಇಟ್ಟ ಹೆಸರು ಟಾರ್ಚಪ್ಪ. ನಡುಮಧ್ಯಾಹ್ನವೂ ಕೈಯಲ್ಲಿ ಟಾರ್ಚು. ಕಂಟೇನರಿನ ಮೂಲೆಮೂಲೆಗೂ ಬೆಳಕು ಬಿಟ್ಟು ನೋಡದೆ ಸಹಿ ಹಾಕಿದವರಲ್ಲ. ನಿವೃತ್ತಿಗೆ ಹತ್ತಿರದ ವಯಸ್ಸು, ಮಾತು ಕಡಿಮೆ. ತಮ್ಮ ಪಟ್ಟಿ ನೋಡಿದರು, ಕಂಟೇನರಿನ ನಂಬರು ನೋಡಿದರು.

"ಇದು ಅದಲ್ಲವಲ್ಲಮ್ಮ."

"ಅಲ್ಲ ಸಾರ್."

"ಅದೆಲ್ಲಿ?"

"ಅದು... ಅದು ಇಲ್ಲ ಸಾರ್. ಇದನ್ನ ನೋಡಿಕೊಡಿ ಅಂತ ಕೇಳೋಕೆ ಬಂದೆ."

ಅವರು ಕೈಗಡಿಯಾರ ನೋಡಿಕೊಂಡರು. "ಹನ್ನೊಂದೂ ಮುಕ್ಕಾಲಿನವರೆಗೆ ನಾನು ಇಲ್ಲಿರ್ತೀನಿ. ಮೂರು ದಾರಿ ಇದೆ, ಹೇಳ್ತೀನಿ ಕೇಳಿ. ನಂಬರು ಬರೆಯೋವಾಗ ತಪ್ಪಾಯ್ತು ಅಂದ್ರೆ ತಿದ್ದುಪಡಿ ಮುಖ್ಯ ಕಚೇರೀಲಿ. ಒಂಬತ್ತು ದಿನ. ಸರಕು ಬರೋದು ತಡವಾಯ್ತು ಅಂದ್ರೆ ಹಾಜರಿಲ್ಲ ಅಂತ ಬರೀತೀನಿ. ಮೂವತ್ತು ದಿನ."

"ಮೂರನೇದು, ಸಾರ್?"

ಅವರು ಹಲಗೆಯ ಕ್ಲಿಪ್ಪಿನಡಿಯಿಂದ ಒಂದು ಹಳದಿ ಕಾಗದ ಎಳೆದರು. "ಹಿಡಿದವರೇ ಜಾಗ ಬಿಟ್ಟುಕೊಡೋದು. ಇಂಥ ಸರಕು ಇರಲೇ ಇಲ್ಲ, ಖಾಲಿ ಬುಕಿಂಗು, ನಾನೇ ಮಾಡಿದ್ದು ಅಂತ ಬರೆದು, ಸಹಿ, ಮುದ್ರೆ. ಆಗ ಈ ಹೊತ್ತು ನನ್ನ ಕೈಗೆ ಬರುತ್ತೆ. ಎದುರಿಗೆ ನಿಂತಿರೋ ಸರಕನ್ನ ನಾನು ತೆರೆಸಬಹುದು." ಕಾಗದವನ್ನು ಅವಳ ಕಡೆಗೆ ಚಾಚಿ, "ಈ ಕಾಗದ ನನ್ನ ಹತ್ತಿರ ಎಂಟು ವರ್ಷದಿಂದ ಇದೆ. ತುಂಬಿಸಿದವರನ್ನ ನೋಡಿಲ್ಲ. ಇಲ್ಲಿ ನಿಂತು ಕಾದು ಕಾದು ವಾಪಸ್ ಹೋಗಿದ್ದನ್ನ ಮಾತ್ರ ಲೆಕ್ಕ ಇಟ್ಟಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕಾಗದವನ್ನು ಕಂಬಕ್ಕೆ ಒತ್ತಿಹಿಡಿದು ಬರೆಯತೊಡಗಿದಳು. ಹಳೆಯ ನಂಬರು. ಹಿಡಿದ ದಿನ. ಕಾರಣ. ಕೊನೆಯಲ್ಲೊಂದು ಸಾಲು: *ಇದೇ ಬಗೆಯ ಬೇರೆ ಬುಕಿಂಗುಗಳು ಇದ್ದಲ್ಲಿ ವಿವರ.* ಪೆನ್ನು ಅಲ್ಲಿ ನಿಂತಿತು. ಇನ್ನೂ ಆರು ಇದ್ದವು. 'ಇಲ್ಲ' ಎಂದು ಬರೆದರೆ ಯಾರು ಕೇಳುತ್ತಾರೆ? ಆ ಆರು ಖಾಲಿ ಹೊತ್ತುಗಳ ಹಿಂದೆ ಯಾರ ಯಾರ ಮನೆಯ ಯಾವ ಡಬ್ಬಿ ನಿಂತಿದೆಯೋ. ಆರನ್ನೂ ಬರೆದಳು. ಸಹಿ ಹಾಕಿದಳು. ಮುದ್ರೆಯನ್ನು ಇಂಕಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು.

"ಪುಟ್ಟೀ!"

ಚಿಕ್ಕಪ್ಪ. ಸ್ಕೂಟರನ್ನು ಸ್ಟ್ಯಾಂಡು ಹಾಕದೆ ಗೋಡೆಗೆ ಒರಗಿಸಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಗೇಟಿನವರು ಸುದ್ದಿ ಮುಟ್ಟಿಸಿರಬೇಕು. ಏದುಸಿರಿನಲ್ಲೇ ಅವಳ ಕೈಯ ಹಳದಿ ಕಾಗದ ನೋಡಿದರು, ಟಾರ್ಚಪ್ಪನವರನ್ನು ನೋಡಿದರು, ಅವಳ ತೋಳು ಹಿಡಿದು ಕಂಬದ ಆಚೆಗೆ ಕರೆದುಕೊಂಡು ಹೋದರು.

"ಏನು ಬರೆದಿದ್ದೀಯ?"

"ಇದ್ದದ್ದು ಬರೆದಿದ್ದೀನಿ."

"ಇದ್ದದ್ದು!" ಅವರು ದನಿ ತಗ್ಗಿಸಿದರು. "ಲೈಸೆನ್ಸು ಹೋಗುತ್ತೆ ಕಣಮ್ಮ. ನಾನು ಮಾಡಿದ್ದಲ್ಲ, ನೀನು ಮಾಡಿದ್ದಲ್ಲ, ಇಡೀ ಬೀದಿ ಮಾಡಿದ್ದು. ತಲೆ ಕೊಡೋರು ಮಾತ್ರ ನಾವಾ? ನಾಳೆಯಿಂದ ಒಬ್ಬ ನಮ್ಮ ಮುಖ ನೋಡಲ್ಲ. ನಿನ್ನ ಹೆಸರೇ ಇದೆ ಅದರಲ್ಲಿ, ನೀನು ಇನ್ನು ಈ ಬಂದರಿನಲ್ಲಿ ಒಂದು ಸ್ಲಾಟು ಹಿಡಿಯೋ ಹಾಗಿಲ್ಲ. ಗೊತ್ತಾ?"

"ಗೊತ್ತು."

"ಬರೆಯೋವಾಗ ತಪ್ಪಾಯ್ತು ಅನ್ನು. ಯಾರಿಗೆ ತಪ್ಪಾಗಲ್ಲ? ಒಂಬತ್ತು ದಿನ ತಾನೇ."

"ಡಬ್ಬೀಲಿ ಮೂರು ದಿನದ್ದಿದೆ, ಚಿಕ್ಕಪ್ಪ."

ಅವರು ಮುಖ ತಿರುಗಿಸಿದರು. ಹೋದ ವರ್ಷ ಅಪ್ಪನನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಮಹಡಿ ಇಳಿಸಿ ಆಸ್ಪತ್ರೆಗೆ ಒಯ್ದವರು ಇವರೇ. ಹನ್ನೆರಡು ದಿನವೂ ಕಾರಿಡಾರಿನ ಬೆಂಚಿನ ಮೇಲೆ ಮಲಗಿದವರು.

"ಅವನು ನಿನಗೆ ಅಪ್ಪ ಆಗೋಕೆ ಮುಂಚೆ ನನಗೆ ಅಣ್ಣ ಕಣೇ" ಅಂದರು. "ನಾನು ಬಿಟ್ಟುಬಿಡ್ತೀನಾ? ಎರಡು ದಿನ ಕೊಡು. ಎಲ್ಲಿಂದಾದ್ರೂ ತರಿಸ್ತೀನಿ."

"ಎಲ್ಲಿಂದ?"

ಒಂದು ಊರಿನ ಹೆಸರಾದರೂ ಬರುತ್ತದೆಂದು ಅವಳು ನಿಜವಾಗಿಯೂ ಕಾದಳು. ಕೆಳಗೆ ಲಾರಿಯ ಪಕ್ಕ ಡಬ್ಬಿ ಅಣ್ಣ ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದ.

"ಇನ್ನು ನಾಲ್ಕು ನಿಮಿಷ" ಅಂದರು ಟಾರ್ಚಪ್ಪ, ಇಬ್ಬರಲ್ಲಿ ಯಾರಿಗೂ ಅಲ್ಲದ ಹಾಗೆ.

ಚಿಕ್ಕಪ್ಪ ಕೈ ಚಾಚಿದರು. ಎತ್ತಿ ಆಡಿಸಿದ ಕೈ, ಓದು ಬಿಟ್ಟು ಕೂತವಳನ್ನು ಕರೆದು ಮೇಜು ಕುರ್ಚಿ ಕೊಟ್ಟ ಕೈ. ಹುಟ್ಟಿದಾರಭ್ಯ ಅವರ ಮಾತಿಗೆ ಹೂಂ ಎಂದದ್ದಷ್ಟೇ ಅವಳಿಗೆ ಗೊತ್ತು.

"ಕೊಡಮ್ಮ ಆ ಕಾಗದ. ಹರಿದು ಹಾಕಿ ಮನೆಗೆ ಹೋಗೋಣ. ನಿನ್ನ ಕಾಲಿಗೆ ಬೀಳ್ತೀನಿ ಅಂದ್ಕೋ. ಕೊಡು."

ಅವಳು ಕಾಗದವನ್ನು ಎರಡು ಕೈಯಲ್ಲೂ ಹಿಡಿದು ಬೆನ್ನ ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲ, ಚಿಕ್ಕಪ್ಪ. ಕೊಡಲ್ಲ."